ಗಿರಣಿಯಲ್ಲಿ ಐವತ್ತೊಂಬತ್ತನೇ ಅನುಚ್ಛೇದ

ಶ್ರೀನಿವಾಸಪುರ ಇನ್ನೂ ಆರು ಕಿಲೋಮೀಟರು ಇರುವಾಗ
ರಸ್ತೆಗೆ ಬೆನ್ನು ಮಾಡಿ ನಿಂತಿದೆ ನಮ್ಮಪ್ಪನ ಗಿರಣಿ:
ಹತ್ತು ಎಚ್‌ಪಿ ಮೋಟಾರು, ಎರಡು ಜೊತೆ ಕಲ್ಲು,
ಒಂದು ರಾಗಿಗೆ, ಒಂದು ಖಾರಕ್ಕೆ.
ಮರುದಿನ ಕೋಲಾರದಲ್ಲಿ ನನಗೆ ಸಂವಿಧಾನದ ಪರೀಕ್ಷೆ.
ಕರೆಂಟು ಇರುವಷ್ಟು ಹೊತ್ತು ಬೀಸುವುದು,
ಹೋದಾಗ ಬಾಗಿಲ ಬೆಳಕಿಗೆ ಕೂತು ಓದುವುದು.
ಹಾಳೆ ತಿರುವಿದರೆ ಮಡಿಕೆಯಿಂದ ಹಿಟ್ಟು ಉದುರುತ್ತಿತ್ತು.

ರಾಷ್ಟ್ರಪತಿ ಲಾಭದ ಬೇರೆ ಹುದ್ದೆ ಹೊಂದತಕ್ಕದ್ದಲ್ಲ.
ಬಾಡಿಗೆ ಕೊಡದೆ ಸರ್ಕಾರಿ ನಿವಾಸದಲ್ಲಿ ಇರಬಹುದು.
ಪದಾವಧಿಯಲ್ಲಿ ಅವರ ಉಪಲಬ್ಧಿ ಕಡಿಮೆ ಮಾಡತಕ್ಕದ್ದಲ್ಲ.
ತಕ್ಕದ್ದು, ತಕ್ಕದ್ದಲ್ಲ,
ಎರಡರ ನಡುವೆ ತೂಗುತ್ತಿದೆ ತಕ್ಕಡಿ.
ಮುಳ್ಳು ನೋಡುವವರು ಯಾರು?

"ಅಷ್ಟು ದೊಡ್ಡ ಮನೆ ಪುಕ್ಕಟೆ ಕೊಟ್ಟು
ಲಾಭ ಮುಟ್ಟಬೇಡ ಅಂದರೆ?" ಅಂದ ಅಪ್ಪ.
ಅದು ಲಾಭ ಅಲ್ಲಪ್ಪ, ಸೌಲಭ್ಯ.
"ಲಾಭ, ಸೌಲಭ್ಯ, ಉಪಲಬ್ಧಿ...
ನನಗೆ ಎಲ್ಲಾದರಲ್ಲೂ ಲಬಲಬ ಅಂತಲೇ ಕೇಳಿಸ್ತದೆ."

ಇಳಿಸಬಾರದು ಅಂದರು, ಏರಿಸಬಾರದು ಅನ್ನಲಿಲ್ಲ, ಯಾಕೆ?
ಎಂದು ಕೇಳಿದ್ದರು ವಾಜಿದ್ ಮೇಷ್ಟ್ರು, ಸೀಮೆಸುಣ್ಣ ಮುರಿದು.
ಅಮೆರಿಕದವರು ಎರಡನ್ನೂ ಕಟ್ಟಿಹಾಕಿದ್ದಾರೆ:
ಕೊಟ್ಟು ಕೊಳ್ಳಬಾರದು, ಕಿತ್ತು ಹೆದರಿಸಬಾರದು.
ನಮ್ಮವರು ಹಸಿವಿಗೆ ಹೆದರಿದರು, ಆಸೆಗೆ ಹೆದರಲಿಲ್ಲವೇ?
ಕ್ಲಾಸು ಸುಮ್ಮನಿತ್ತು. ಹೊರಗೆ ಟೊಮೇಟೊ ಲಾರಿಗಳ ಹಾರ್ನು.
ಆಮೇಲೆ ಅಂದರು: ಆ ಇಂಗ್ಲಿಷ್ ಪದದ ಬೇರು ಲ್ಯಾಟಿನ್ನಿನಲ್ಲಿದೆ,
ಮೊದಲ ಅರ್ಥ, ಬೀಸುವವನಿಗೆ ಸಲ್ಲುವ ಕೂಲಿ ಅಂತ ಹೇಳುತ್ತಾರೆ.
ನಾನು ಉಗುರು ನೋಡಿಕೊಂಡೆ. ಸಂದಿಯಲ್ಲಿ ರಾಗಿ.

ಕರೆಂಟು ಬಂತು. ಟಿವಿಎಸ್ ನಿಲ್ಲಿಸಿ ಇಳಿದರು ಗಂಗುಲಮ್ಮ,
ನಮ್ಮ ಪಂಚಾಯ್ತಿ ಅಧ್ಯಕ್ಷೆ. ಗೊಬ್ಬರದ ಚೀಲದಲ್ಲಿ ಎಂಟು ಕೇಜಿ ರಾಗಿ.
ಗಿರಣಿ ಲೈಸೆನ್ಸಿನ ಅರ್ಜಿ ಹನ್ನೊಂದು ದಿನದಿಂದ ಅವರ ಮೇಜಿನ ಮೇಲೆ.
ಅಪ್ಪ ಸಾಲು ಮುರಿದು ಅವರ ಚೀಲವನ್ನೇ ಮೊದಲು ಸುರಿದ.
ಬೀಸಿ, ಕಟ್ಟಿ, ದುಡ್ಡು ಬೇಡ ಅಂತ ಕೈಯಾಡಿಸಿದ.
"ಎಷ್ಟಾಯ್ತು ಪಿಳ್ಳಪ್ಪಣ್ಣ?"
"ಇರಲಿ ತಾಯಿ. ಜೇನು ಕಿತ್ತವರು ಕೈ ನೆಕ್ಕಬಾರದಾ?"
"ಜೇನೆಲ್ಲಿ ಬಂತು? ಬರೀ ಹುಳ ಕಡೀತಾ ಇವೆ.
ಗೌರವಧನ ಕಂಡು ನಾಲ್ಕು ತಿಂಗಳಾಯ್ತು."
ಎರಡು ಇಪ್ಪತ್ತರ ನೋಟು
ಐದು ಕೇಜಿ ಕಲ್ಲಿನ ಕೆಳಗಿಟ್ಟು ಹೊರಟರು.

ಇವರದನ್ನು ಕಡಿಮೆ ಮಾಡತಕ್ಕದ್ದಲ್ಲ ಎಂದು
ಯಾರಾದರೂ ಬರೆದಿದ್ದಾರಾ, ಹುಡುಕಿದೆ. ನನಗೆ ಸಿಗಲಿಲ್ಲ.

ಹಾಗಾದರೆ ಲಾಭ ಯಾವುದು?
ಬೀಸಿದ್ದಕ್ಕೆ ಕೊಟ್ಟರು. ಸಾಲು ಮುರಿದದ್ದಕ್ಕೆ?
ಹಿಂದೆ ನಿಂತಿದ್ದ ಅಂಜಿನಮ್ಮನ ಅರ್ಧ ಗಂಟೆಗೆ ರಶೀದಿ ಉಂಟೆ?
ಇನ್ನೊಂದಿದೆ, ಬೀಸುವವರಿಗಷ್ಟೇ ಗೊತ್ತು:
ಕಲ್ಲಿನ ಸಂದಿಯಲ್ಲಿ ಒಂದು ಹಿಡಿ ಹಿಟ್ಟು ಯಾವಾಗಲೂ ಉಳಿಯುತ್ತದೆ.
ಹಿಂದಿನವರದು ಮುಂದಿನವರ ಚೀಲಕ್ಕೆ ಬೀಳುತ್ತದೆ.
ಆವತ್ತು ಅಧ್ಯಕ್ಷೆಯ ಚೀಲಕ್ಕೆ ಮೊದಲು ಬಿದ್ದದ್ದು
ಕೂಲಿ ಮುಗಿಸಿ ಬಂದಿದ್ದ ದೊಡ್ಡಮುನಿಯ ರಾಗಿ.
ಅಧ್ಯಕ್ಷೆಯದು ಉಳಿದು ಅಂಜಿನಮ್ಮನ ಮನೆಗೆ ಹೋಯಿತು.
ಕೊಟ್ಟವರಿಗೆ ಗೊತ್ತಿಲ್ಲ, ಪಡೆದವರಿಗೆ ಗೊತ್ತಿಲ್ಲ,
ಮುದ್ದೆಗೆ ಬೇರೆ ರುಚಿ ಬಂದಿರಲಾರದು.

ಹತ್ತು ಅಂಕದ ಪ್ರಶ್ನೆ ಬಂದೇಬಂತು: ಲಾಭದ ಹುದ್ದೆ, ಉದಾಹರಣೆ ಸಹಿತ.
ತೀರ್ಪುಗಳ ಹೆಸರು ಬರೆದೆ, ಇಸವಿ ತಪ್ಪಿದೆ.
ಗಿರಣಿಯದನ್ನೂ ಬರೆದೆ,
ಬರೆದು ಹೊಡೆದುಹಾಕಿದೆ.
ಆರೂವರೆ ಅಂಕ.

ಲೈಸೆನ್ಸು ಬಂತು, ಹದಿನಾಲ್ಕನೇ ದಿನ, ಸರದಿಯಲ್ಲೇ.
ಸರದಿಯಲ್ಲೇ ಎಂದು ಅಪ್ಪ ಎರಡು ಸಲ ಹೇಳಿದ.
ಆ ನಲವತ್ತು ರೂಪಾಯಿ ಇನ್ನೂ ಅಲ್ಲೇ ಇದೆ.
ತೂಗುವಾಗಲೆಲ್ಲ ಕಲ್ಲೆತ್ತುತ್ತಾನೆ, ನೋಟು ನೋಡುತ್ತಾನೆ,
ತೂಗಿದ ಮೇಲೆ ಮತ್ತೆ ಅದರ ಮೇಲೇ ಇಡುತ್ತಾನೆ.